ಇದ್ದಿಲು ತೊಳೆಯುವವಳು

ಬೆಳಿಗ್ಗೆಯಿಂದ ಇದ್ದಿಲು ತೊಳೆಯುತ್ತಿದ್ದೇನೆ.
ನಗಬೇಡಿ.
ಎಷ್ಟು ತೊಳೆದರೂ ಇದ್ದಿಲು ಬೆಳ್ಳಗಾಗದೆಂದು
ನನಗೂ ಗೊತ್ತು. ಇದಕ್ಕೇ ನನಗೆ ಸಂಬಳ.

ಜಾರ್ಜಿಯಾದ ಪಡುವಣ ಅಂಚು, ಜುಗ್ದೀದಿಯ ಹೊರಗೆ
ಮುಚ್ಚಿಹೋದ ಚಹಾ ಕಾರ್ಖಾನೆಯ ಎರಡನೇ ಮಹಡಿ.
ಕಿಟಕಿಯಾಚೆ ಹೇಝಲ್ ಪೊದೆ, ಅದರಾಚೆ ಮೋಡ,
ಮೋಡದಾಚೆ ಇವೆಯೆಂದು ನಂಬಬೇಕಾದ ಬೆಟ್ಟಗಳು.
ನನ್ನೆದುರು ಸೋಸುವ ಕಾಗದ, ಬಿಸಿನೀರು,
ಹನಿಹನಿಯಾಗಿ ಇಳಿಯುವ ಕಪ್ಪು.

ಮೊದಲು ಇದು ಚಿಪ್ಪು.
ತಿರುಳನ್ನು ಇಟಲಿಯ ಲಾರಿ ಒಯ್ಯುತ್ತಿತ್ತು,
ಚಿಪ್ಪು ಅಜ್ಜಿಯ ಪಾಲಿಗೆ.
ಅಜ್ಜಿ ತ್ಸಿಯಾಲ ಕಬ್ಬಿಣದ ಒಲೆಯ ಬಾಯಿ ತೆರೆದು
ಬುಟ್ಟಿಗಟ್ಟಲೆ ಸುರಿಯುವಳು. ಚಟಪಟ, ಚಟಪಟ,
ಯಾರೋ ಹಲ್ಲು ಕಚ್ಚಿ ಬೈದಂತೆ ಸದ್ದು, ಆಮೇಲೆ ಶಾಖ,
ಬೆಳಗಾದರೆ ಹಿಡಿ ಬೂದಿ, ಕೋಳಿಗಳು ಹೊರಳಾಡಲು.

ಇಲ್ಲಿ ಹಾಗಲ್ಲ.
ಇಲ್ಲಿಯ ಕುಲುಮೆಗೆ ಉಸಿರಾಡಲು ಬಿಡುವುದಿಲ್ಲ.
ಸಾರಜನಕ ತುಂಬಿ, ಬಾಯಿ ಬಿಗಿದು,
ಎಂಟುನೂರು ಡಿಗ್ರಿ.
ಗಾಳಿ ಸಿಕ್ಕಿದ್ದರೆ ಉರಿದು ಹಗುರಾಗುತ್ತಿತ್ತು, ಪಾಪ.
ಸಿಗಲಿಲ್ಲ, ಉಳಿಯಿತು.
ಉರಿಯಲಾಗದೆ ಬೆಂದವರ ಹಾಗೆ—
ಬೇಡ ಬಿಡಿ ಆ ಮಾತು. ತೊಂಬತ್ತೆರಡರ ಚಳಿಗಾಲ
ಇಲ್ಲಿ ಎಲ್ಲರೂ ಕಂಡದ್ದೇ.

ಆ ವರ್ಷಗಳಲ್ಲಿ ತಂತಿಯಿತ್ತು, ಕರೆಂಟಿರಲಿಲ್ಲ.
ಅಪ್ಪ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದು
ಮೇಜಿನಡಿ ಇಟ್ಟ. ಒಂದೇ ಬಲ್ಬು.
ಹತ್ತು ನಿಮಿಷ ನನಗೆ, ಹತ್ತು ಅಣ್ಣ ಜುಂಬೇರನಿಗೆ,
ಅಮ್ಮನ ಹೊಲಿಗೆಗೆ ಐದು.
ಒಂದು ರಾತ್ರಿ ನನ್ನ ಪಾಲು ಮುಗಿಯುವ ಮೊದಲೇ
ಬಲ್ಬಿನ ಎಳೆ ಕೆಂಪಾಯಿತು, ಕಂದಾಯಿತು, ಹೋಯಿತು.
ಭಾಗಾಕಾರದ ಲೆಕ್ಕ ಅರ್ಧಕ್ಕೇ ನಿಂತಿತು.
ಶೇಷವೆಷ್ಟೋ, ಇವತ್ತಿಗೂ ತಿಳಿಯದು.

ನಮ್ಮ ಎಂಜಿನಿಯರ್ ಮ್ಝೇವಿನಾರ್,
ನನಗಿಂತ ಹದಿನೈದು ವರ್ಷ ಕಿರಿಯಳು, ಕಲಿಸಿದ್ದು:
ಕ್ಷಾರ ಬೆರೆಸಿ ಮತ್ತೆ ಕಾಯಿಸಿದರೆ
ಇದ್ದಿಲ ಮೈಯೆಲ್ಲ ತೂತು, ತೂತಿನೊಳಗೂ ತೂತು.
ಅಲ್ಲಿ ಹಳೆಯ ಉಪ್ಪು ಠಿಕಾಣಿ ಹೂಡಿದರೆ
ಬರಬೇಕಾದ ಮಿಂಚಿಗೆ ಜಾಗವೆಲ್ಲಿ?
ಅದಕ್ಕೇ ತೊಳೆಯುವುದು. ಬೆಳ್ಳಗಾಗಲೆಂದಲ್ಲ,
ಖಾಲಿಯಾಗಲೆಂದು.
ಒಂದು ಚಮಚ ಪುಡಿಯ ಒಳಗೋಡೆಗಳನ್ನೆಲ್ಲ
ಬಿಡಿಸಿ ಹಾಸಿದರೆ ಒಂದೆಕರೆಯಂತೆ.
ನಕ್ಕುಬಿಟ್ಟೆ.
ಅಪ್ಪ ಚಿಕ್ಕಪ್ಪ ಸಾಯುವ ತನಕ ಮಾತು ಬಿಟ್ಟದ್ದು
ಅರ್ಧ ಚಮಚಕ್ಕೆ.

ಹೋದ ವಾರ ವಾಲಿಕೋ ಮೂಟೆ ಹೊತ್ತು ಬಂದ.
ನಾರುವ ತಿಗಣೆ ಹೀರಿದ ಫಸಲು;
ಒಡೆದರೆ ಸುಕ್ಕಿದ ಕಹಿ, ಇಲ್ಲವೇ ಏನೂ ಇಲ್ಲ.
ಲಾರಿಯವರು ಮೂಸಿಯೂ ನೋಡಲಿಲ್ಲವಂತೆ.
ಟೋಪಿ ತೆಗೆದು, ನೆಲ ನೋಡುತ್ತ ಕೇಳಿದ:
"ಜೊಳ್ಳೂ ನಡೆಯುತ್ತದೆಯೇ?"
ತೂಗಿ ದುಡ್ಡು ಎಣಿಸಿದೆ. ಚಿಪ್ಪಿಗೆ ಚಿಪ್ಪಿನ ಬೆಲೆ.
"ಮಗಳ ಬೂಟಿಗಾಯಿತು, ಒಂದು ಕಾಲಿನದಕ್ಕೆ,"
ಎಂದು ತಾನೇ ನಕ್ಕ. ಮೂಟೆಯ ಚೀಲ ಮಡಚಿ
ವಾಪಸು ಒಯ್ದ.

ಹದಿನೇಳನೆಯ ನೀರು. ಕಾಗದ ಇನ್ನೂ ನೀಲಿಗೆ ತಿರುಗುತ್ತಿದೆ.
ಕಾಫಿಯ ಗಸಿಯಲ್ಲಿ ಭವಿಷ್ಯ ಓದುವ ಮರ್ಗೋ
ನನ್ನ ಬೆರಳ ಸಂದುಗಳ ಮಸಿ ನೋಡಿ
ಇದನ್ನೂ ಓದಲೇ ಎಂದಳು. ಬೇಡವೆಂದೆ.
ಹದಿನೆಂಟು.
ಹತ್ತೊಂಬತ್ತಕ್ಕೆ ಕಾಗದ ಸುಮ್ಮನಿತ್ತು.

ಸಂಜೆ. ಕೋಟಿನ ಗುಂಡಿಯಷ್ಟಗಲದ ಡಬ್ಬಿಗಳು ಮೂರು,
ಒಂದೊಂದರಲ್ಲೂ ಇದ್ದಿಲಿನ ಎರಡು ಬಿಲ್ಲೆ,
ನಡುವೆ ಒದ್ದೆ ಕಾಗದ.
ಅರ್ಧ ನಿಮಿಷ ಉಣಿಸಿ, ಸಾಲಾಗಿ ಜೋಡಿಸಿ,
ಮ್ಝೇವಿನಾರ್ ಕೋಣೆಯ ದೀಪ ಆರಿಸಿದಳು.
ಸಾಸಿವೆಯಷ್ಟು ಕೆಂಪು.
ಎಣಿಸಿದೆವು. ಎಪ್ಪತ್ತು. ತೊಂಬತ್ತು. ನೂರ ಹತ್ತಕ್ಕೆ
ಮಂಕಾಗತೊಡಗಿತು. ಸಾಲದು, ಎಂದಳು ಅವಳು,
ಅಂಕಿ ಬರೆದುಕೊಳ್ಳಲು ಸ್ವಿಚ್ಚಿನತ್ತ ಕೈ ಚಾಚಿದಳು.

ತಡಿ ಮಗೂ, ಎಂದೆ.
ಆ ಹತ್ತು ನಿಮಿಷದಲ್ಲಿ
ನನ್ನದಿನ್ನೂ ಸ್ವಲ್ಪ ಬಾಕಿಯಿದೆ.